ನವೆಂಬರ್ 1: ‘ಇತಿಹಾಸದಲ್ಲಿ ಈ ದಿನ’ ಫಲಕದ ಕರಡು, ತಪ್ಪಿದ್ದರೆ ತಿದ್ದಿ

ಫಲಕ_ಬರಹ
ಗ್ರಂಥಾಲಯದ ಕರಿಹಲಗೆಗೆ ನವೆಂಬರ್ 1ರ ಪಟ್ಟಿ ಬೇಕು. ಹನ್ನೆರಡು ಸಾಲು ಹಿಡಿಯುತ್ತೆ, ಸಾಲಿಗೆ ಹೆಚ್ಚೆಂದರೆ ಹದಿನೈದು ಪದ. ಸದ್ಯದ ಕರಡು:

1512 – ಮೈಕೆಲೆಂಜೆಲೊ ಬಿಡಿಸಿದ ಸಿಸ್ಟೀನ್ ಚಾಪೆಲ್ ಚಾವಣಿ ಜನರ ನೋಟಕ್ಕೆ
1755 – ಲಿಸ್ಬನ್ ಭೂಕಂಪ
1858 – ಈಸ್ಟ್ ಇಂಡಿಯಾ ಕಂಪನಿ ರದ್ದು
1894 – ಎರಡನೇ ನಿಕೊಲಾಸ್ ರಷ್ಯಾದ ಚಕ್ರವರ್ತಿ
1952 – ಮೊದಲ ಹೈಡ್ರೋಜನ್ ಬಾಂಬ್ ಸ್ಫೋಟ
1954 – ಪುದುಚೇರಿ ಭಾರತಕ್ಕೆ ಸೇರ್ಪಡೆ
1956 – ಕರ್ನಾಟಕ ರಾಜ್ಯ ಉದಯ. ಮೈಸೂರಿಗೆ ಬಳ್ಳಾರಿ, ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ, ಬೀದರ್, ಕಲಬುರಗಿ, ರಾಯಚೂರು, ಮಂಗಳೂರು, ಕೊಡಗು ಸೇರ್ಪಡೆ
1966 – ಹರಿಯಾಣ ರಾಜ್ಯ
1973 – ಕರ್ನಾಟಕ ಎಂದು ನಾಮಕರಣ
2000 – ಛತ್ತೀಸ್‌ಗಢ ರಾಜ್ಯ

ಎರಡು ಸಾಲು ಖಾಲಿ ಇದೆ. 1956ರ ಸಾಲು ಉದ್ದ ಆಯ್ತು, ಗೊತ್ತು.

ಕಾಯಿದೆ_ಕಡತ
ಉದ್ದ ಆಗಿದ್ದು ಸಣ್ಣ ತಪ್ಪು, ಅದೇ ಸಾಲಿನಲ್ಲಿ ಇನ್ನೂ ಮೂರಿವೆ.

ಮೊದಲನೇದು ಹೆಸರು. ನಿಮ್ಮ ಪಟ್ಟಿಯೇ ತನ್ನ ಮಾತಿಗೆ ತಾನು ಅಡ್ಡ ಬರ್ತಿದೆ ನೋಡಿ: 1956ರಲ್ಲಿ ‘ಕರ್ನಾಟಕ’ ಉದಯ ಆಗಿದ್ದರೆ 1973ರಲ್ಲಿ ಮತ್ತೆ ನಾಮಕರಣ ಯಾಕೆ? 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 7ನೇ ಕಲಂ ಹೇಳುವುದು ‘ಮೈಸೂರು ರಾಜ್ಯ’ ಅಂತ. ಹಳೇ ಮೈಸೂರಿನಿಂದ ಬೇರೆ ಮಾಡಿ ಹೇಳೋದಕ್ಕೆ ಜನ ‘ವಿಶಾಲ ಮೈಸೂರು’ ಅಂದರು. ‘ಕರ್ನಾಟಕ’ ಬಂದದ್ದು ಹದಿನೇಳು ವರ್ಷ ಆದಮೇಲೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ 31ನೇ ಕಾಯಿದೆಯಿಂದ.

ಎರಡನೇದು ಬಳ್ಳಾರಿ. ಅದು 1956ಕ್ಕೆ ಕಾಯಲಿಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸಿನ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಅವತ್ತೇ ಮೈಸೂರಿಗೆ ಬಂದವು. 1956ರ ಅಕ್ಟೋಬರ್ 31ರ ರಾತ್ರಿ ಬಳ್ಳಾರಿ ಆಗಲೇ ಮೈಸೂರಿನ ಹತ್ತನೇ ಜಿಲ್ಲೆ.

ಮೂರನೇದು, ಜಿಲ್ಲೆಯ ಹೆಸರು ಬರೆದರೆ ಇಡೀ ಜಿಲ್ಲೆ ಬಂತು ಅನ್ನೋ ಅರ್ಥ ಬರುತ್ತೆ. ಕಾಯಿದೆ ಹಾಗೆ ಹೇಳಲ್ಲ. ಮುಂಬಯಿ ರಾಜ್ಯದಿಂದ ಬಿಜಾಪುರ, ಧಾರವಾಡ, ಕೆನರಾ (ಈಗಿನ ಉತ್ತರ ಕನ್ನಡ) ಜಿಲ್ಲೆಗಳು ಪೂರ್ತಿ ಬಂದವು. ಬೆಳಗಾವಿಯಲ್ಲಿ ಚಂದಗಡ ತಾಲ್ಲೂಕು ಬಿಟ್ಟು ಉಳಿದದ್ದು. ಹೈದರಾಬಾದಿನಿಂದ ಬಂದ ಗುಲ್ಬರ್ಗದಲ್ಲಿ ಕೊಡಂಗಲ್, ತಾಂಡೂರು ಇಲ್ಲ. ರಾಯಚೂರಿನಲ್ಲಿ ಆಲಂಪುರ, ಗದ್ವಾಲ ಇಲ್ಲ. ಬೀದರ್ ಅಂತೂ ಮೂರು ಪಾಲಾಯಿತು: ಅಹ್ಮದಪುರ, ನಿಲಂಗಾ, ಉದಗೀರ್ ಮುಂಬಯಿ ಕಡೆಗೆ, ನಾರಾಯಣಖೇಡ್ ತಾಲ್ಲೂಕು, ಜಹೀರಾಬಾದಿನ ಹೆಚ್ಚಿನ ಭಾಗ, ನ್ಯಾಲ್ಕಲ್ ವೃತ್ತ ಆಂಧ್ರಪ್ರದೇಶಕ್ಕೆ, ಮಿಕ್ಕದ್ದು ನಮಗೆ. ಮದ್ರಾಸಿನಿಂದ ಕಾಸರಗೋಡು ತಾಲ್ಲೂಕು ಮತ್ತು ಅಮಿನದಿವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ, ಜತೆಗೆ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಕೊಳ್ಳೇಗಾಲವನ್ನು ಹತ್ತರಲ್ಲಿ ಒಂಬತ್ತು ಪಟ್ಟಿಗಳು ಮರೆಯುತ್ತವೆ, ನಿಮ್ಮದೂ ಮರೆತಿದೆ. ಕೊಡಗು ಸ್ವಂತ ಸರ್ಕಾರವಿದ್ದ ‘ಸಿ’ ವರ್ಗದ ರಾಜ್ಯವಾಗಿತ್ತು, ಅದು ಇಡಿಯಾಗಿ ಬಂತು.

ಆದ್ದರಿಂದ ಹಲಗೆ ಮೇಲೆ ಜಿಲ್ಲೆಗಳನ್ನು ಎಣಿಸೋಕೆ ಹೋಗಬೇಡಿ. ಯಾವ ರಾಜ್ಯಗಳಿಂದ ಬಂತು ಅಂತ ಬರೆದರೆ ಸಾಲೂ ಚಿಕ್ಕದು, ತಪ್ಪೂ ಇಲ್ಲ.

ಕೆಲಗೇರಿ_ಕೆರೆ
ಕಡತದವರು ಹೇಳಿದ್ದು ಖರೆ ಅದ. ಎಣಿಕೆ ಬೇಕಾದವರಿಗೆ ಲೆಕ್ಕ ಹಿಂಗ: ಬಳ್ಳಾರಿ ಹಿಡದು ಹಳೇ ಮೈಸೂರಿನ 10, ಮುಂಬಯಿ ಕಡೆಯಿಂದ 4, ನಿಜಾಮ ಸೀಮೆಯಿಂದ 3, ದಕ್ಷಿಣ ಕನ್ನಡ 1, ಕೊಡಗು 1. ಒಟ್ಟು 19 ಜಿಲ್ಲಾ. ಎಲ್ಲೆರೆ 20 ಅಂತ ಕಂಡ್ರ ಬಳ್ಳಾರಿನ ಎರಡು ಸಲ ಎಣಿಸ್ಯಾರಂತ ತಿಳ್ಕೋರಿ.

ಇನ್ನೊಂದು ತಪ್ಪು ಭಾಳ ಓಡ್ಯಾಡ್ತದ: ‘ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ’. ಅವರು 1956ರ ಆಗಸ್ಟಿನೊಳಗ ಇಳದಿದ್ರು. ಅಕ್ಟೋಬರ್ 31ರ ತನಕ ಕಡಿದಾಳ್ ಮಂಜಪ್ಪ, ನವೆಂಬರ್ 1ರಿಂದ ಎಸ್. ನಿಜಲಿಂಗಪ್ಪ. ಜಯಚಾಮರಾಜ ಒಡೆಯರು ಹಿಂದಿನ ದಿನ ರಾಜಪ್ರಮುಖ (ಹಳೇ ಸಂಸ್ಥಾನದ ರಾಜ್ಯಕ್ಕ ಮುಖ್ಯಸ್ಥ), ಮರುದಿನ ರಾಜ್ಯಪಾಲ. ಮನುಷ್ಯಾ ಅವರೇ, ಹುದ್ದೆ ಬ್ಯಾರೆ. ಯಾಕಂದ್ರ ಸಂವಿಧಾನದ ಏಳನೇ ತಿದ್ದುಪಡಿನೂ ಅದೇ ದಿನ ಜಾರಿಗೆ ಬಂದು ರಾಜ್ಯಗಳ ಎ, ಬಿ, ಸಿ ವರ್ಗಗಳನ್ನೂ ರಾಜಪ್ರಮುಖ ಹುದ್ದೆನೂ ತಗದು ಹಾಕಿತು.

ರಾಜ್ಯ ಒಂದಾತು, ಕಾನೂನು ಒಂದಾಗಲಿಲ್ಲ, ಇದನ್ನೂ ಯಾರೂ ಹಲಗಿ ಮ್ಯಾಲೆ ಬರಿಯೂದಿಲ್ಲ. ಕಾಯಿದೆಯ 119ನೇ ಕಲಮಿನ ಪ್ರಕಾರ ಗಡಿ ಬದಲಾದ ಮಾತ್ರಕ್ಕೆ ಯಾವ ಕಾನೂನಿನ ವ್ಯಾಪ್ತಿನೂ ಬದಲಾಗಂಗಿಲ್ಲ. ಹಂಗಾಗಿ ನವೆಂಬರ್ 1ರ ಮುಂಜಾನೆನೂ ಧಾರವಾಡದಾಗ ಮುಂಬಯಿ ಕಂದಾಯ ಕಾನೂನು, ಕಲಬುರಗಿಯೊಳಗ ಹೈದರಾಬಾದಿಂದು, ಮಂಗಳೂರಾಗ ಮದ್ರಾಸಿಂದು. ಭೂಕಂದಾಯಕ್ಕ ಒಂದೇ ಕಾಯಿದೆ ಆಗಲಿಕ್ಕೆ 1964ರ ಏಪ್ರಿಲ್ 1 ಬರಬೇಕಾತು. ನೌಕರರ ಕತಿ ಇನ್ನೂ ತೊಡಕಿಂದು. ಐದು ಆಡಳಿತದಿಂದ ಬಂದ ಗುಮಾಸ್ತರ ಜ್ಯೇಷ್ಠತಾ ಪಟ್ಟಿ ಹೊಂದಿಸೂದು ವರ್ಷಗಟ್ಟಲೆ ನಡೀತು: ಒಬ್ಬಂವ ಮುಂಬಯಿ ಪಗಾರಶ್ರೇಣಿ, ಇನ್ನೊಬ್ಬಂವ ಹೈದರಾಬಾದಿಂದು, ಇಬ್ಬರಾಗ ಹಿರಿಯ ಯಾರು?

ಪಯಸ್ವಿನಿ_ದಂಡೆ
ಅಮಿನದಿವಿ ಅಂದಾಗ ಹೇಳಲೇಬೇಕು ಮಾರಾಯ್ರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ದ್ವೀಪಗಳು ಟಿಪ್ಪುವಿನ ಕೈಸೇರಿ, 1799ರ ನಂತರ ಕಂಪನಿಗೆ ಬಂದು, ದಕ್ಷಿಣ ಕನ್ನಡ ಜಿಲ್ಲೆಗೆ ಅಂಟಿಕೊಂಡಿದ್ದವು. ಅಂದರೆ ಅವುಗಳ ಕಲೆಕ್ಟರು ಕೂತದ್ದು ಮಂಗಳೂರಿನಲ್ಲಿ. ಲಕ್ಕದಿವಿ, ಮಿನಿಕಾಯ್ ಮಾತ್ರ ಮಲಬಾರಿಗೆ ಸೇರಿದ್ದವು. 1956ರ ನವೆಂಬರ್ 1ಕ್ಕೆ ಮೂರನ್ನೂ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಅದಕ್ಕೆ ‘ಲಕ್ಷದ್ವೀಪ’ ಅಂತ ಹೆಸರಿಟ್ಟದ್ದು ಯಾವಾಗ ಗೊತ್ತುಂಟಾ? 1973ರ ನವೆಂಬರ್ 1. ಮೈಸೂರು ಕರ್ನಾಟಕ ಆದ ದಿನವೇ. ಕಾಯಿದೆ ಸಂಖ್ಯೆಯೂ ಹತ್ತಿರ ಹತ್ತಿರ, ನಮ್ಮದು 31, ಅದರದ್ದು 34.

ಹುಟ್ಟೂ ಒಂದೇ ದಿನ, ಹೆಸರೂ ಒಂದೇ ದಿನ. ಖಾಲಿ ಇರುವ ಒಂದು ಸಾಲು ಇದಕ್ಕೆ ಕೊಡಿ.

ಕಾಸರಗೋಡಿನ ಬಗ್ಗೆ ಒಂದು ಎಚ್ಚರಿಕೆ. ‘ಕಾಸರಗೋಡು ಜಿಲ್ಲೆ ಕೇರಳಕ್ಕೆ ಹೋಯಿತು’ ಅಂತ ಬರೆಯಬೇಡಿ. ಹೋದದ್ದು ತಾಲ್ಲೂಕು. ಅದು ಮೊದಲು ಮಲಬಾರ್ ಜಿಲ್ಲೆಗೆ, 1957ರ ಜನವರಿಯಲ್ಲಿ ಮಲಬಾರನ್ನು ಒಡೆದಾಗ ಕಣ್ಣೂರಿಗೆ. ಪ್ರತ್ಯೇಕ ಜಿಲ್ಲೆ ಆದದ್ದು 1984ರ ಮೇ 24ಕ್ಕೆ.

ಫಲಕ_ಬರಹ
ಲಕ್ಷದ್ವೀಪದ್ದು ಗೊತ್ತೇ ಇರಲಿಲ್ಲ, ಸೇರಿಸ್ತೀನಿ. ಸಾಲಿನ ಕೊನೆಗೆ ವಾರದ ಹೆಸರನ್ನೂ ಬರೆಯೋ ಯೋಚನೆ ಇದೆ. 1956 ಮತ್ತು 1973 ಎರಡಕ್ಕೂ ಗುರುವಾರ ಅಂತ ಬರ್ತಿದೆ, ನಕಲು ಮಾಡುವಾಗ ಎಡವಟ್ಟಾಗಿದೆಯಾ?

ವಾರಗಣಿತ
ಎಡವಟ್ಟಲ್ಲ, ಎರಡೂ ಗುರುವಾರವೇ. ಕಾಗದದಲ್ಲೇ ನೋಡಬಹುದು. ಒಂದು ವರ್ಷ ಸರಿದರೆ ವಾರ ಒಂದು ಮುಂದೆ ಹೋಗುತ್ತೆ, ನಡುವೆ ಫೆಬ್ರವರಿ 29 ಬಂದರೆ ಇನ್ನೂ ಒಂದು. 1956ರಿಂದ 1973ಕ್ಕೆ 17 ವರ್ಷ. ನಡುವಿನ ಅಧಿಕ ವರ್ಷಗಳು 1960, 64, 68, 72, ಒಟ್ಟು 4. 17 ಮತ್ತು 4 ಕೂಡಿದರೆ 21. ಏಳರಿಂದ ಭಾಗಿಸಿದರೆ ಶೇಷ ಸೊನ್ನೆ, ಅದೇ ವಾರ.

ಜನ ಎಡವುವ ಜಾಗ ಒಂದಿದೆ. 1956 ಕೂಡ ಅಧಿಕ ವರ್ಷ ತಾನೇ ಅಂತ ಅದನ್ನೂ ಸೇರಿಸಿ 5 ಮಾಡ್ತಾರೆ. ಆ ವರ್ಷದ ಫೆಬ್ರವರಿ 29 ನವೆಂಬರ್ 1ಕ್ಕಿಂತ ಮುಂಚೆಯೇ ಕಳೆದುಹೋಗಿತ್ತು, ಲೆಕ್ಕಕ್ಕೆ ಬರಲ್ಲ. ಹಿಂದಕ್ಕೆ ಎಣಿಸುವಾಗ ಮಾತ್ರ ಬರುತ್ತೆ: 1952ರ ನವೆಂಬರ್ 1ರಿಂದ 1956ಕ್ಕೆ 4 ವರ್ಷ, 1956ರ ಅಧಿಕ ದಿನ 1, ಒಟ್ಟು 5. ಗುರುವಾರದಿಂದ ಐದು ಹಿಂದೆ ಹೋದರೆ ಶನಿವಾರ. ಶತಮಾನ ದಾಟುವಾಗ 1800, 1900 ಅಧಿಕ ವರ್ಷಗಳಲ್ಲ ಅನ್ನೋದು ನೆನಪಿರಲಿ. 1755ರಿಂದ 1956ಕ್ಕೆ 201 ವರ್ಷ, ಅಧಿಕ ದಿನ 51ರಲ್ಲಿ ಎರಡು ಕಳೆದು 49, ಒಟ್ಟು 250, ಶೇಷ 5. ಲಿಸ್ಬನ್ ಭೂಕಂಪವೂ ಶನಿವಾರ. ಇದೇ ದಾರಿಯಲ್ಲಿ 1858 ಸೋಮವಾರ, 1954 ಸೋಮವಾರ, 1966 ಮಂಗಳವಾರ, 2000 ಬುಧವಾರ.

1512ಕ್ಕೆ ಈ ಲೆಕ್ಕ ಹಾಕಬೇಡಿ. ಈಗ ನಾವು ಬಳಸೋ ಗ್ರೆಗೋರಿಯನ್ ಪಂಚಾಂಗ ಹುಟ್ಟಿದ್ದೇ 1582ರಲ್ಲಿ. ಸಿಸ್ಟೀನ್ ಚಾವಣಿಯ ನವೆಂಬರ್ 1 ಅನ್ನೋದು ಅದಕ್ಕಿಂತ ಹಳೆಯ ಜೂಲಿಯನ್ ಪಂಚಾಂಗದ ತಾರೀಖು. ಇವತ್ತಿನ ಲೆಕ್ಕಕ್ಕೆ ತಂದರೆ ಅದು ನವೆಂಬರ್ 11. ಆದರೂ ತರಬಾರದು. 1582ಕ್ಕಿಂತ ಹಿಂದಿನದನ್ನು ಆ ಕಾಲದವರು ಬರೆದ ಹಾಗೇ ಬಿಡೋದು ರೂಢಿ. ಅದು ಸರ್ವಸಂತರ ಹಬ್ಬದ ದಿನ, ಆ ಹಬ್ಬಕ್ಕೆಂದೇ ಚಾವಣಿ ತೆರೆದದ್ದು. ನವೆಂಬರ್ 11 ಅಂತ ಬರೆದರೆ ಹಬ್ಬವೇ ಕೈತಪ್ಪುತ್ತೆ.

1894ರ ಸಾಲು ಹೊಸ ಪಂಚಾಂಗದ್ದು. ನಿಕೊಲಾಸನ ತಂದೆ ಮೂರನೇ ಅಲೆಕ್ಸಾಂಡರ್ ಕ್ರಿಮಿಯಾದ ಲಿವಾಡಿಯಾದಲ್ಲಿ ತೀರಿಕೊಂಡಾಗ, ಇನ್ನೂ ಜೂಲಿಯನ್ ಪಂಚಾಂಗದಲ್ಲೇ ಇದ್ದ ರಷ್ಯಾದ ಗೋಡೆ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 20. ವ್ಯತ್ಯಾಸ 12 ದಿನ. ಇಲ್ಲೂ ಒಂದು ಬಲೆ ಇದೆ. ರಷ್ಯಾ ಕ್ರಾಂತಿಯ ಕಾರಣಕ್ಕೆ ಎಲ್ಲರ ತಲೆಯಲ್ಲೂ 13 ಕೂತಿದೆ, ಆದರೆ 13 ಇಪ್ಪತ್ತನೇ ಶತಮಾನದ್ದು. ಹತ್ತೊಂಬತ್ತಕ್ಕೆ 12, ಹದಿನೆಂಟಕ್ಕೆ 11. 13 ಕೂಡಿಸಿದವರ ಪಟ್ಟಿಯಲ್ಲಿ ನಿಕೊಲಾಸ್ ನವೆಂಬರ್ 2ಕ್ಕೆ ಪಟ್ಟಕ್ಕೆ ಬರ್ತಾನೆ.

ಕಂಪನ_ರೇಖೆ
ಲಿಸ್ಬನ್‌ಗೆ ಬರೀ ‘ಭೂಕಂಪ’ ಅಂತ ಬರೆದರೆ ಅರ್ಧ ವಿಷಯ ಬಿಟ್ಟಂತೆ. ಊರು ಹಾಳಾಗಿದ್ದು ಮೂರು ಹೊಡೆತಕ್ಕೆ. ಬೆಳಗ್ಗೆ ಸುಮಾರು 9:40ಕ್ಕೆ ನೆಲ ನಡುಗಿತು, ಅದೂ ಕೆಲವು ನಿಮಿಷಗಳ ಕಾಲ. ಸುಮಾರು 40 ನಿಮಿಷದ ನಂತರ ಸುನಾಮಿ. ಆಮೇಲೆ ಬೆಂಕಿ, ಅದು ಐದಾರು ದಿನ ಉರಿಯಿತು.

ಕಾರಣ ಒಂದಕ್ಕೊಂದು ಹೆಣೆದುಕೊಂಡಿದೆ. ಭೂಕಂಪದ ಮೂಲ ಅಟ್ಲಾಂಟಿಕ್ ತಳದಲ್ಲಿ, ಪೋರ್ಚುಗಲ್ಲಿನ ನೈರುತ್ಯ ತುದಿಯ ಸೇಂಟ್ ವಿನ್ಸೆಂಟ್ ಭೂಶಿರದ ಆಚೆ. ತಳ ಸರಿದಾಗ ಮೇಲಿನ ನೀರೂ ಸರಿಯಿತು. ಕಟ್ಟಡ ಬೀಳೋದು ಕಂಡ ಜನ ಓಡಿದ್ದು ಬಯಲು ಜಾಗಕ್ಕೆ, ಅಂದರೆ ತೇಜೊ ನದಿಯ ದಂಡೆಗೆ. ಅಲ್ಲಿ ನೀರು ಮೊದಲು ಹಿಂದಕ್ಕೆ ಹೋಗಿ ತಳ ಕಾಣಿಸಿತು, ನಂತರ ನುಗ್ಗಿತು. ಹಬ್ಬದ ಬೆಳಗು ಆದ್ದರಿಂದ ಚರ್ಚುಗಳು ತುಂಬಿದ್ದವು, ಮೇಣದಬತ್ತಿ ಉರೀತಿದ್ದವು, ಮನೆಗಳಲ್ಲಿ ಒಲೆ ಹೊತ್ತಿತ್ತು. ಕಲ್ಲು ಬಿದ್ದ ಕಡೆಯೆಲ್ಲ ಬೆಂಕಿ ಎದ್ದಿತು. ಸತ್ತವರ ಸಂಖ್ಯೆಯನ್ನು ಹಲಗೆ ಮೇಲೆ ಒಂದೇ ಅಂಕಿಯಲ್ಲಿ ಬರೆಯಬೇಡಿ. ಅಂದಾಜುಗಳು ಹತ್ತಾರು ಸಾವಿರದ ಆಚೀಚೆ ಓಡ್ತವೆ. ‘ಹತ್ತಾರು ಸಾವಿರ’ ಅಂದರೆ ಸಾಕು. ತೀವ್ರತೆಯೂ ಅಷ್ಟೇ. ಆಗ ಮಾಪಕವೇ ಇರಲಿಲ್ಲ, 8.5ರಿಂದ 9 ಅನ್ನೋದು ಹಾನಿ ಮತ್ತು ಅಲೆಯ ವರದಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

ನನಗೆ ಇದರಲ್ಲಿ ಹೆಚ್ಚು ಮುಖ್ಯ ಅನಿಸೋದು ಆಮೇಲಿನ ಕೆಲಸ. ಮಂತ್ರಿ ಕಾರ್ವಾಲ್ಯೊ (ಪೊಂಬಾಲ್ ಅಂತ ನಾವು ಕರೆಯೋ ಬಿರುದು ಅವನಿಗೆ ಸಿಕ್ಕಿದ್ದು 1769ರಲ್ಲಿ, 1755ರ ಸಾಲಿನಲ್ಲಿ ಆ ಹೆಸರು ಹಾಕಿದರೆ ಅದೂ ತಪ್ಪೇ) ದೇಶದ ಎಲ್ಲ ಪ್ಯಾರಿಷ್‌ಗಳಿಗೆ (ಒಂದೊಂದು ಚರ್ಚಿನ ವ್ಯಾಪ್ತಿಗೆ) ಪ್ರಶ್ನಾವಳಿ ಕಳಿಸಿದ. ಎಷ್ಟು ಹೊತ್ತು ನಡುಗಿತು? ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಗೇಣು? ಎಷ್ಟು ಜನ ಸತ್ತರು? ಬಿರುಕು ಬಿಟ್ಟಿತೇ, ಬಿರುಕಿನಿಂದ ಏನು ಬಂತು? ಭೂಕಂಪ ದೇವರ ಶಿಕ್ಷೆಯೋ ಅಲ್ಲವೋ ಅಂತ ಯುರೋಪೆಲ್ಲ ಜಗಳ ಆಡ್ತಿದ್ದಾಗ ಪಾದ್ರಿಗಳ ಕೈಯಲ್ಲೇ ಅಳತೆ ಬರೆಸಿದ. ಇವತ್ತು ಮೇಲಿನ ಅಂದಾಜುಗಳು ಸಾಧ್ಯವಾಗಿರೋದು ಆ ಉತ್ತರಗಳಿಂದ.

ಊರು ಮತ್ತೆ ಕಟ್ಟುವಾಗ ಗೋಡೆಯೊಳಗೆ ಮರದ ಪಂಜರ ಕೂರಿಸಿದರು, ‘ಗಯೋಲಾ’ ಅಂತ ಹೆಸರು, ಪಂಜರ ಅಂತಲೇ ಅರ್ಥ. ನಿಲುವು, ಅಡ್ಡಪಟ್ಟಿ, ನಡುವೆ ಗುಣಿಸು ಚಿಹ್ನೆಯ ಹಾಗೆ ಎರಡು ಓರೆ ತೊಲೆ, ಸಂದಿಗೆ ಕಲ್ಲುಗಾರೆ. ನೆಲ ಅಲುಗಿದರೆ ಗಾರೆ ಉದುರಬಹುದು, ಪಂಜರ ಬಾಗಿ ಮತ್ತೆ ನೆಟ್ಟಗಾಗುತ್ತೆ. ಮಾದರಿಯ ಸುತ್ತ ಸೈನಿಕರಿಂದ ಹೆಜ್ಜೆ ಹಾಕಿಸಿ ಅಲುಗಾಡಿಸಿ ನೋಡಿದರು ಅನ್ನೋದು ಪ್ರಸಿದ್ಧ ಮಾತು.

ವಾರಗಣಿತ
ಲಿಸ್ಬನ್ ತಾರೀಖಿಗೆ ಒಂದು ಸಣ್ಣ ಅದೃಷ್ಟವೂ ಇದೆ. ಪೋರ್ಚುಗಲ್ 1582ರಲ್ಲೇ ಹೊಸ ಪಂಚಾಂಗಕ್ಕೆ ಬಂದಿತ್ತು, ಇಂಗ್ಲೆಂಡ್ ಬಂದದ್ದು 1752ರಲ್ಲಿ. ಈ ಭೂಕಂಪ ಐದು ವರ್ಷ ಮೊದಲು ಆಗಿದ್ದರೆ ಲಿಸ್ಬನ್ನಿನ ಇಂಗ್ಲಿಷ್ ವರ್ತಕರು ಊರಿಗೆ ಬರೆದ ಕಾಗದಗಳಲ್ಲಿ ಅಕ್ಟೋಬರ್ 21 ಅಂತ ಇರುತ್ತಿತ್ತು, ನಾವು ಎರಡು ತಾರೀಖು ಹಿಡಿದು ಗುದ್ದಾಡ್ತಿದ್ವಿ.

ಅಣುಸಾರ
1952. ‘ಬಾಂಬ್’ ಪದ ತೆಗೀರಿ. ಪೆಸಿಫಿಕ್ ಸಾಗರದ ಎನಿವೆಟಕ್ ಹವಳದಿಬ್ಬದ ಎಲುಗೆಲಾಬ್ ದ್ವೀಪದಲ್ಲಿ ಸಿಡಿದ ಅಮೆರಿಕದ ‘ಮೈಕ್’ ಅನ್ನೋ ಸಾಧನ ಯಾವ ವಿಮಾನಕ್ಕೂ ಏರುವಂಥದ್ದಲ್ಲ. ಇಂಧನ ದ್ರವರೂಪದ ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್), ಅದನ್ನು ಸುಮಾರು −250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಶೀತಕ ಸಲಕರಣೆ ಸೇರಿ ತೂಕ ಸುಮಾರು 74 ಟನ್. ಅದು ಪ್ರಯೋಗಶಾಲೆಯಷ್ಟು ದೊಡ್ಡ ಥರ್ಮಾಸ್ ಫ್ಲಾಸ್ಕು. ಬಾಂಬ್ ರೂಪಕ್ಕೆ ಬಂದದ್ದು ಘನ ಲಿಥಿಯಂ ಡ್ಯೂಟೆರೈಡ್ ಇಂಧನ ಬಳಸಿದ ಮೇಲೆ, 1954ರ ಬಿಕಿನಿ ಪರೀಕ್ಷೆಗಳಲ್ಲಿ. ‘ಮೊದಲ’ ಅನ್ನೋದಕ್ಕೂ ಒಂದು ಪದ ಜೋಡಿಸಿ: 1951ರಲ್ಲೇ ಸಣ್ಣ ಪ್ರಮಾಣದ ಸಮ್ಮಿಲನ (ಹಗುರ ಪರಮಾಣು ಬೀಜಗಳನ್ನು ಕೂಡಿಸೋದು) ನಡೆಸಿ ನೋಡಿದ್ದರು, ಇದು ಮೊದಲ ‘ಪೂರ್ಣಪ್ರಮಾಣದ’ ಪರೀಕ್ಷೆ. ಸಾಮರ್ಥ್ಯ 10.4 ಮೆಗಾಟನ್. ದ್ವೀಪ ಹೋಗಿ ಅಲ್ಲಿ ಸುಮಾರು 1.9 ಕಿಲೋಮೀಟರ್ ಅಗಲದ ಕುಳಿ ಉಳಿಯಿತು. ದೂಳಿನಲ್ಲಿ ಎರಡು ಹೊಸ ಧಾತು ಸಿಕ್ಕವು, ಐನ್‌ಸ್ಟೀನಿಯಂ ಮತ್ತು ಫರ್ಮಿಯಂ.

ತಾರೀಖಿಗೆ ಬನ್ನಿ. ಸ್ಥಳೀಯ ಸಮಯ ನವೆಂಬರ್ 1, ಬೆಳಗ್ಗೆ 7:15. ಆ ಜಾಗ ಗ್ರೀನಿಚ್‌ಗಿಂತ 12 ಗಂಟೆ ಮುಂದೆ, ಆದ್ದರಿಂದ ಗ್ರೀನಿಚ್‌ನಲ್ಲಿ ಅಕ್ಟೋಬರ್ 31, ಸಂಜೆ 7:15. ವಾಷಿಂಗ್ಟನ್‌ನಲ್ಲೂ 31, ಮಧ್ಯಾಹ್ನ 2:15. ಅದಕ್ಕೇ ಕೆಲವು ಪಟ್ಟಿಗಳಲ್ಲಿ ಅಕ್ಟೋಬರ್ 31 ಕಾಣುತ್ತೆ, ಅವು ತಪ್ಪಲ್ಲ. ಹೈಡ್ರೋಜನ್ ಬಾಂಬಿನ ವಿನ್ಯಾಸದಲ್ಲಿ ಪಾಲಿದ್ದ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ದ್ವೀಪಕ್ಕೆ ಹೋಗದೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೂಕಂಪಮಾಪಕದ ಮುಂದೆ ಕೂತಿದ್ದ. ನೆಲದಾಳದ ಅಲೆ ಸಾಗರ ದಾಟಿ ಬರೋಕೆ ಕಾಲುಗಂಟೆ. ಕತ್ತಲ ಕೋಣೆ, ಫಿಲ್ಮಿನ ಮೇಲೆ ಒಂದು ಬೆಳಕಿನ ಚುಕ್ಕೆ, ಅದು ಅಲುಗಿತು. ಅವನ ಗಡಿಯಾರದಲ್ಲಿ ಆಗ ಅಕ್ಟೋಬರ್ 31ರ ಬೆಳಗಿನ ಹನ್ನೊಂದೂವರೆ ಹೊತ್ತು.

ಫಲಕ_ಬರಹ
ಹಾಗಾದ್ರೆ ನಮ್ಮ ಹಲಗೆಗೆ ಯಾವುದು? ನವೆಂಬರ್ 1 ಅಂತ ಇಡಬಹುದಾ?

ಅಣುಸಾರ
ಧೈರ್ಯವಾಗಿ ಇಡಿ. ಘಟನೆ ನಡೆದ ಜಾಗದ ತಾರೀಖು ಅನ್ನೋದು ಸಾಮಾನ್ಯ ನಿಯಮ. ಇಲ್ಲಿ ಭಾರತದ ಗಡಿಯಾರವೂ ಒಪ್ಪುತ್ತೆ. ಗ್ರೀನಿಚ್‌ನ ಸಂಜೆ 7:15ಕ್ಕೆ ಐದೂವರೆ ಗಂಟೆ ಕೂಡಿಸಿ, ನಮ್ಮಲ್ಲಿ ನಡುರಾತ್ರಿ 12:45. ನವೆಂಬರ್ 1 ಹುಟ್ಟಿ ಮುಕ್ಕಾಲು ಗಂಟೆ.

ಕಾಯಿದೆ_ಕಡತ
1858ರ ಸಾಲು ಬದಲಾಯಿಸಿ. ಅವತ್ತು ನಡೆದದ್ದು ಓದು. ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದ್ದು. ಆಡಳಿತ ಕಿತ್ತುಕೊಂಡ ಕಾಯಿದೆಗೆ ರಾಣಿಯ ಅಂಕಿತ ಬಿದ್ದದ್ದು 1858ರ ಆಗಸ್ಟ್ 2ಕ್ಕೆ. ಕಂಪನಿ ಅನ್ನೋ ಸಂಸ್ಥೆ ಅದಾದಮೇಲೂ ಷೇರುದಾರರಿಗೆ ಲಾಭಾಂಶ ಹಂಚಿಕೊಂಡು ಬದುಕಿತ್ತು, ವಿಸರ್ಜನೆ ಆದದ್ದು 1874ರ ಜೂನ್ 1ಕ್ಕೆ. ಮೂರು ತಾರೀಖು, ಮೂರು ಬೇರೆ ಕೆಲಸ. ‘ಕಂಪನಿ ರದ್ದು’ ಅನ್ನೋದು ಮೂರರಲ್ಲಿ ಕೊನೆಯದಕ್ಕೆ ಮಾತ್ರ ಹೊಂದುತ್ತೆ.

ಇದೇ ತೊಡಕು 1954ರಲ್ಲೂ ಇದೆ. ಪುದುಚೇರಿ ‘ಸೇರ್ಪಡೆ’ ಅನ್ನಬೇಡಿ, ‘ಆಡಳಿತ ಹಸ್ತಾಂತರ’ ಅನ್ನಿ. ಕ್ರಮ ಹೀಗಿದೆ: 1954ರ ಅಕ್ಟೋಬರ್ 18ಕ್ಕೆ ಕೀಳೂರಿನಲ್ಲಿ 178 ಜನಪ್ರತಿನಿಧಿಗಳ ಮತದಾನ, 170 ಜನ ಭಾರತದ ಕಡೆ, 8 ಜನ ವಿರುದ್ಧ. 21ಕ್ಕೆ ದೆಹಲಿಯಲ್ಲಿ ಒಪ್ಪಂದ. ನವೆಂಬರ್ 1ಕ್ಕೆ ಆಡಳಿತ ಭಾರತದ ಕೈಗೆ, ಕೇವಲ್ ಸಿಂಗ್ ಮೊದಲ ಮುಖ್ಯ ಆಯುಕ್ತ. ಆದರೆ ನೆಲದ ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ 1956ರ ಮೇ 28ಕ್ಕೆ, ಅದು ಜಾರಿಗೆ ಬಂದದ್ದು 1962ರ ಆಗಸ್ಟ್ 16ಕ್ಕೆ. ಎಂಟು ವರ್ಷ ಆಡಳಿತ ನಮ್ಮದು, ಕಾಗದದಲ್ಲಿ ನೆಲ ಫ್ರಾನ್ಸಿನದು. ಪುದುಚೇರಿಗೇ ಸೇರಿದ ಮಾಹೆ, ಯಾನಂಗಳಲ್ಲಿ 1954ರ ಜೂನ್, ಜುಲೈ ಹೊತ್ತಿಗೇ ಚಳವಳಿಗಾರರು ಆಡಳಿತ ಹಿಡಿದಿದ್ದರು, ಅಲ್ಲಿಯವರಿಗೆ ನವೆಂಬರ್ 1 ಬರೀ ಮೊಹರು.

ಅಣುಸಾರ
ಅದೇ 1954ರ ನವೆಂಬರ್ 1ರ ಮೊದಲ ಗಂಟೆಗಳಲ್ಲಿ ಫ್ರಾನ್ಸಿನ ಕೈಲಿದ್ದ ಅಲ್ಜೀರಿಯದಲ್ಲಿ ರಾಷ್ಟ್ರೀಯ ವಿಮೋಚನಾ ರಂಗ ಹತ್ತಾರು ಕಡೆ ದಾಳಿ ನಡೆಸಿತು. ಅಲ್ಲಿಂದ ಎಂಟು ವರ್ಷದ ಯುದ್ಧ, 1962ರ ಜುಲೈ 5ಕ್ಕೆ ಸ್ವಾತಂತ್ರ್ಯ. ಫ್ರಾನ್ಸಿಗೆ ಒಂದೇ ಹಬ್ಬದ ದಿನ ಒಂದು ಕಡೆ ಸಹಿ ಮಾಡಿ ಬೀಗದ ಕೈ ಕೊಟ್ಟದ್ದು, ಇನ್ನೊಂದು ಕಡೆ ಬಾಗಿಲಿಗೆ ಗುಂಡು. ಮುಗಿದದ್ದೂ ಎರಡೂ ಒಂದೇ ಬೇಸಿಗೆಯಲ್ಲಿ, ಜುಲೈ ಮತ್ತು ಆಗಸ್ಟ್ 1962. ಎರಡನೇ ಖಾಲಿ ಸಾಲು ಇದಕ್ಕೆ.

ಕೆಲಗೇರಿ_ಕೆರೆ
ಅಲ್ಜೀರಿಯ ಇರಲಿ. 2014ರದ್ದು ಬಿಟ್ಟೀರಲ್ಲ? ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ವಿಜಯಪುರ ಹಿಡದು ಹನ್ನೆರಡು ಊರಿನ ಹೆಸರು ಬದಲಾದದ್ದು ಅದೇ ನವೆಂಬರ್ 1ಕ್ಕ.

ಕಾಯಿದೆ_ಕಡತ
ಹನ್ನೆರಡೂ ಬದಲಾದವು ಅನ್ನೋದು ಇಂಗ್ಲಿಷ್ ಫಲಕ ಓದುವವರಿಗೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ತುಮಕೂರು, ಶಿವಮೊಗ್ಗ ಕನ್ನಡದಲ್ಲಿ ಮೊದಲೂ ಹೀಗೇ ಇದ್ದವು. ಬದಲಾದದ್ದು ಇಂಗ್ಲಿಷ್ ಕಾಗುಣಿತ. ಕನ್ನಡ ಬರಹದಲ್ಲೂ ಹೊಸದಾಗಿ ಕಂಡದ್ದು ಬಿಜಾಪುರದ ಜಾಗಕ್ಕೆ ಬಂದ ವಿಜಯಪುರ, ಗುಲ್ಬರ್ಗದ ಜಾಗಕ್ಕೆ ಬಂದ ಕಲಬುರಗಿ. ಕನ್ನಡ ಹಲಗೆಯಲ್ಲಿ ‘12 ನಗರಗಳ ಇಂಗ್ಲಿಷ್ ಹೆಸರು ಕನ್ನಡ ಉಚ್ಚಾರಣೆಗೆ ತಕ್ಕಂತೆ’ ಅಂತ ಬರೆಯಬಹುದು. ಮೊದಲ ಕರಡಿನ 1956ರ ಸಾಲಿನಲ್ಲಿ ‘ಕಲಬುರಗಿ’ ಅಂತ ಬರೆದಿದ್ದರು, ಕಾಯಿದೆಯಲ್ಲಿ ಇದ್ದದ್ದು ಗುಲ್ಬರ್ಗ. ಹೇಗೂ ಜಿಲ್ಲೆಗಳ ಹೆಸರು ತೆಗೀತಿದ್ದಾರೆ, ಬಿಡಿ.

ಫಲಕ_ಬರಹ
ಸಾಲು ಹದಿಮೂರು ಆಗ್ತಿದೆ. ಹರಿಯಾಣ, ಛತ್ತೀಸ್‌ಗಢ ಕೂಡಿಸಿ ಒಂದೇ ಸಾಲು ಮಾಡಲಾ?

ಕಾಯಿದೆ_ಕಡತ
ಮಾಡಿ. 1966ರದ್ದು ಪಂಜಾಬಿನಿಂದ, 2000ದ್ದು ಮಧ್ಯಪ್ರದೇಶದಿಂದ. ಮಧ್ಯಪ್ರದೇಶದ ಈಗಿನ ರೂಪಕ್ಕೂ ಬುನಾದಿ 1956ರ ನವೆಂಬರ್ 1, ಅಂದರೆ ತನ್ನ ಹುಟ್ಟುಹಬ್ಬದ ದಿನವೇ ಅದು ಎರಡಾಯಿತು. ಆಂಧ್ರಪ್ರದೇಶ, ಕೇರಳ ಕೂಡ ಅದೇ 1956ರವು. ಆ ದಿನ ಒಟ್ಟು 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಕಾಯಿದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು ಆಗಸ್ಟ್ 31ಕ್ಕೆ, ಕಾಯಿದೆಯ ಮಾತಿನಲ್ಲಿ ‘ಗೊತ್ತುಪಡಿಸಿದ ದಿನ’ ನವೆಂಬರ್ 1. ಯಾರಾದರೂ ಆಗಸ್ಟ್ 31 ಅಂತ ವಾದಕ್ಕೆ ಬಂದರೆ ಇದನ್ನೇ ಹೇಳಿ.

ಫಲಕ_ಬರಹ
ತಿದ್ದಿದ ಕರಡು:

1512 – ಸರ್ವಸಂತರ ಹಬ್ಬಕ್ಕೆ ಸಿಸ್ಟೀನ್ ಚಾಪೆಲ್ ಚಾವಣಿ ಜನರ ನೋಟಕ್ಕೆ (ಜೂಲಿಯನ್ ತಾರೀಖು)
1755 – ಲಿಸ್ಬನ್‌ನಲ್ಲಿ ಭೂಕಂಪ, ಸುನಾಮಿ, ಬೆಂಕಿ. ಹತ್ತಾರು ಸಾವಿರ ಸಾವು. ಶನಿವಾರ
1858 – ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ್ದು. ಸೋಮವಾರ
1894 – ಮೂರನೇ ಅಲೆಕ್ಸಾಂಡರ್ ಸಾವು, ಎರಡನೇ ನಿಕೊಲಾಸ್ ಪಟ್ಟಕ್ಕೆ (ರಷ್ಯಾದಲ್ಲಿ ಅಕ್ಟೋಬರ್ 20)
1952 – ಎನಿವೆಟಕ್‌ನಲ್ಲಿ ಮೊದಲ ಪೂರ್ಣಪ್ರಮಾಣದ ಹೈಡ್ರೋಜನ್ ಸಮ್ಮಿಲನ ಪರೀಕ್ಷೆ. ಶನಿವಾರ
1954 – ಪುದುಚೇರಿ ಆಡಳಿತ ಭಾರತಕ್ಕೆ ಹಸ್ತಾಂತರ. ಸೋಮವಾರ
1954 – ಅಲ್ಜೀರಿಯದಲ್ಲಿ ಸ್ವಾತಂತ್ರ್ಯ ಯುದ್ಧ ಶುರು
1956 – ಮುಂಬಯಿ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಪ್ರದೇಶಗಳೂ ಕೊಡಗೂ ಹಳೆ ಮೈಸೂರಿಗೆ ಕೂಡಿ ಹೊಸ ಮೈಸೂರು ರಾಜ್ಯ
1966, 2000 – ಹರಿಯಾಣ ರಾಜ್ಯ, ಛತ್ತೀಸ್‌ಗಢ ರಾಜ್ಯ
1973 – ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು. ಗುರುವಾರ
1973 – ಲಕ್ಕದಿವಿ, ಮಿನಿಕಾಯ್, ಅಮಿನದಿವಿ ದ್ವೀಪಗಳಿಗೆ ಲಕ್ಷದ್ವೀಪ ಎಂಬ ಹೆಸರು
2014 – 12 ನಗರಗಳ ಇಂಗ್ಲಿಷ್ ಹೆಸರು ಕನ್ನಡ ಉಚ್ಚಾರಣೆಗೆ ತಕ್ಕಂತೆ

1956ರ ಸಾಲಿಗೂ ಗುರುವಾರ ಸೇರಿಸ್ತೀನಿ. ಅದು ಬಿಟ್ಟರೆ 13 ಪದ ಇದೆ.

ವಾರಗಣಿತ
1894ರಲ್ಲಿ ವಾರ ಬಿಟ್ಟಿದ್ದೀರಿ, ಅದು ಗುರುವಾರ. ಅಲ್ಲಿ ಎರಡು ತಾರೀಖು ಇದ್ದರೂ ವಾರ ಒಂದೇ, ಪಂಚಾಂಗ ಬದಲಾದರೂ ವಾರ ಮುರಿಯಲ್ಲ. ಧೈರ್ಯವಾಗಿ ಬರೀರಿ.

ಪಯಸ್ವಿನಿ_ದಂಡೆ
1956ರ ಸಾಲಿನಲ್ಲಿ ಒಂದು ಪದ ಬೇಕು ಮಾರಾಯ್ರೆ. ‘ಕನ್ನಡ ಪ್ರದೇಶಗಳೂ’ ಅಂದರೆ ಎಲ್ಲವೂ ಅಂತ ಆಗುತ್ತದೆ. ಕೇರಳಕ್ಕೆ ಹೋದ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯ ಉತ್ತರಕ್ಕೆ ನಿಂತು ಓದಿದರೆ ಆ ಸಾಲು ಸರಿ ಕಾಣುವುದಿಲ್ಲ. ಮುಂದೆ ‘ಹಲವು’ ಅಂತ ಹಾಕಿ.

ಫಲಕ_ಬರಹ
ಹಾಕಿದೆ. ‘ಗುರುವಾರ’ ಸೇರಿ ಸರಿಯಾಗಿ ಹದಿನೈದು ಪದ.